ಹುಲಿಯಪ್ಪನವರ ನಿದ್ದೆ

ಸಿದಿಗೆಯ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಮಾಲತೇಶಪ್ಪ ಗಂಟನ್ನು ಕಾಲಲ್ಲಿ ಒತ್ತಿ ಹಿಡಿದುಕೊಂಡೇ ತಲೆ ಎತ್ತಿದ. ಹರಿಹರದ ಆ ಸಣ್ಣ ಓಣಿಗೆ ಖಾಕಿ ತೊಟ್ಟವನೊಬ್ಬ ಹಾರ ಹಿಡಿದು ಬಂದಿದ್ದ.

"ದಾವಣಗೆರೆಯಿಂದ ಬಂದೀನ್ರಿ. ಅಂಜನಕುಮಾರ ಅಂತ. ಜೈಲು ನೌಕರಿಗೆ ಸೇರಿದಾಗ ಹುಲಿಯಪ್ಪನವರೇ ನಂಗೆ ಟ್ರೇನಿಂಗ್ ಕೊಟ್ಟೋರು."

"ಬರ್ರಿ. ನಮ್ಮ ಭಾವ ಆಗ್ಬೇಕು. ಮಣ್ಣು ಎರಡು ಗಂಟೆಗೆ."

ಸಾವಿನ ಮನೆಯಲ್ಲೂ ಮಾಲತೇಶಪ್ಪನ ಬಾಯಿಗೆ ಬಿಡುವಿಲ್ಲ. "ಡ್ಯೂಟಿಯಾಗೆ ನಿದ್ದೆ ಹೊಡ್ದು ಕೈದಿನ ಬಿಟ್ಟ ನೋಡ್ರಿ. ಹೆಡ್ ವಾರ್ಡರ್ ಆಗಿದ್ದೋನು ತೋಳಿನ ಪಟ್ಟಿ ಕಳ್ಕಂಡು ರಿಟೈರ್ ಆದ. ಆ ನಾಚಿಕೆ ನಮ್ಮಕ್ಕ ಹೊತ್ಲು."

ಅಂಗಳದಲ್ಲಿ ಮಲಗಿಸಿದ್ದ ಹೆಣದ ಪಕ್ಕ ಗೋಡೆಗೆ ಒರಗಿ ಕೂತಿದ್ದ ಅಕ್ಕ ಓಬವ್ವನಿಗೆ ಇದು ಕೇಳಿಸಿತು. ಆಕೆ ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಅಂಜನಕುಮಾರ ಹಾರ ಹಾಕಿದ, ಹೊರಡಲಿಲ್ಲ. ಒಂಬತ್ತು ವರ್ಷದಿಂದ ಒಳಗಿಟ್ಟುಕೊಂಡ ಮಾತನ್ನು ಇವತ್ತು ಆಡದಿದ್ದರೆ ಇನ್ನೆಂದೂ ಆಗದು. ಆಡಿದರೆ ತನ್ನ ನೌಕರಿಗೇ ಕುತ್ತು ಬರಬಹುದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರು.

*

ಆಗ ದೂರದ ಊರಿನ ಜೈಲು. ಹೊಸ ವಾರ್ಡರ್‌ಗಳಿಗೆ ಓಟ, ಲಾಠಿ, ಕಾನೂನು ಎಲ್ಲ ಆದಮೇಲೆ ಹುಲಿಯಪ್ಪನವರದೇ ಒಂದು ಪಾಠವಿತ್ತು. ಒಬ್ಬೊಬ್ಬರನ್ನೇ ಖಾಲಿ ಸೆಲ್ಲಿಗೆ ಹಾಕಿ ಒಂದು ತಾಸು ಬೀಗ ಜಡಿಯುತ್ತಿದ್ದರು.

"ಬೀಗದ ಸದ್ದು ಒಳಗಿಂದ ಹೆಂಗೆ ಕೇಳ್ತೈತೆ, ತಿಳ್ಕ. ಆಮ್ಯಾಲೆ ಕೀಲಿಕೈ ಹಿಡಿ."

ಕೈದಿಗಳ ತಲೆ ಎಣಿಸಿದರೆ ಸಾಲದು, ಹೆಸರು ಹಿಡಿದು ಕರೆದು ಊಟ ಆಯ್ತಾ ಎಂದು ಕೇಳಬೇಕು. ಹೊಸಬರು ಹಿಂದಿನಿಂದ ನಗುತ್ತಿದ್ದರು. ಅಂಜನಕುಮಾರನೂ ನಕ್ಕಿದ್ದ.

ತರಬೇತಿ ಮುಗಿಯಲು ಹನ್ನೆರಡು ದಿನವಿರುವಾಗ, ಮಧ್ಯಾಹ್ನದ ಪಾಳಿಯಲ್ಲಿ ಅವನು ಸ್ಟೂಲಿನ ಮೇಲೇ ತೂಕಡಿಸಿದ. ಕಣ್ಣು ಬಿಟ್ಟಾಗ ವಿಚಾರಣಾಧೀನ ಕೈದಿಯೊಬ್ಬ ಗೋಡೆ ಹಾರಿ ಹೋಗಿದ್ದ. ತರಬೇತಿಯಲ್ಲಿದ್ದವನು ಇಂಥ ತಪ್ಪು ಮಾಡಿದರೆ ಸೀದಾ ಮನೆಗೆ.

"ಯಾರು ಕೇಳಿದ್ರೂ ಇಷ್ಟೇ ಹೇಳು. ನಿನ್ನ ಊಟಕ್ಕೆ ಕಳಿಸಿದ್ದೆ. ಇಲ್ಲಿ ಕೂತು ಮಲಗಿದ್ದೋನು ನಾನು," ಎಂದರು ಹುಲಿಯಪ್ಪ. "ಮನೆಯಾಗೂ ಇದನ್ನೇ ಹೇಳ್ತೀನಿ. ಒಂದು ಬಾಯಿಗೆ ಎರಡು ಮಾತು ಬ್ಯಾಡ."

*

ಅಂಜನಕುಮಾರ ಓಬವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅವ್ವಾ, ಅವತ್ತು ಮಲಗಿದ್ದೋನು ನಾನು. ನನ್ನ ನೌಕರಿ ಉಳಿಸಾಕೆ ಅವರು ತಮ್ಮ ಮ್ಯಾಲೆ ಹಾಕ್ಕಂಡ್ರು. ಎಲ್ಲಿ ಬೇಕಾದ್ರೂ ಬರ್ದು ಕೊಡ್ತೀನಿ."

ಮಾಲತೇಶಪ್ಪನ ಕೈಯಲ್ಲಿ ಹಗ್ಗ ಸಡಿಲವಾಯಿತು. ಓಬವ್ವ ಬೈಯಲಿಲ್ಲ.

"ಈತ ಮಧ್ಯಾಹ್ನ ಉಂಡು ಒಂಚೂರು ಅಡ್ಡಾದ್ರೆ ಸಾಕು," ಅಂದಳು, "ಏಳು, ಮಲಗಿ ಮಲಗಿ ಮರ್ಯಾದೆ ಕಳದಿದ್ದು ಸಾಲ್ದಾ ಅಂತಿದ್ದೆ. ಒಂದಿನಾನೂ ಎದುರು ಮಾತಾಡ್ಲಿಲ್ಲ. ಸುಮ್ನೆ ಎದ್ದು ಕಟ್ಟೆ ಮ್ಯಾಲೆ ಕುಂತ್ಕಣೋನು. ಮೊನ್ನೆ ಜ್ವರದಾಗೂ ನಾನು ಎಬ್ಬಿಸಿದ್ನಲ್ಲಪ್ಪ."

ಎರಡು ಗಂಟೆಯಾಯಿತು. ನಾಲ್ವರು ಬಂದು ಹೆಣ ಎತ್ತಲು ಬಗ್ಗಿದರು.

"ತಡೀರಿ," ಅಂದಳು ಓಬವ್ವ. "ಇನ್ನೊಂಚೂರು ಮಲಗ್ಲಿ."

ಬಿಸಿಲು ಹುಲಿಯಪ್ಪನವರ ಮುಖಕ್ಕೆ ಬೀಳುತ್ತಿತ್ತು. ಆಕೆ ಪಕ್ಕಕ್ಕೆ ಸರಿದು, ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಆ ಬಿಸಿಲಿಗೆ ಅಡ್ಡ ಹಿಡಿದು ಕೂತಳು.