ಬೀರುವಿನಡಿ ಉರುಳಿದ ಪೋಯಿ

ಪೇಯ್‌ಚುನ್ ಆಡಬಾರದ ಮಾತು ಆಡಿಬಿಟ್ಟಿದ್ದಳು. ಕೂತು ಯೋಚಿಸಿ ಆಡಿದ್ದಲ್ಲ, ಬಟ್ಟಲು ತುಂಬ ಬಿಸಿ ಮೀನಿನ ಗಂಜಿ ಬಡಿಸಿದವಳ ಮುಖ ನೋಡಿ ಆಡಿದ್ದು. ನೆರವು ಕೇಳಿದವರ ಊರಿಗೆ ಹೋಗಿ, ಕಣ್ಣಾರೆ ಕಂಡು ಬಂದು ಟ್ರಸ್ಟಿಗಳಿಗೆ ವರದಿ ಒಪ್ಪಿಸುವುದು ಕೋ ಮನೆತನದ ದತ್ತಿಸಂಸ್ಥೆಯಲ್ಲಿ ಅವಳ ಕೆಲಸ. ಹೋದಲ್ಲಿ ಯಾರಿಗೂ ಆಸೆ ಹುಟ್ಟಿಸಬಾರದು ಎಂಬುದು ಕೆಲಸಕ್ಕೆ ಸೇರಿದ ದಿನವೇ ಕಲಿಸಿದ ಪಾಠ. ಗಂಜಿಯ ಮುಂದೆ ಅದು ಮರೆತುಹೋಯಿತು.

ಗಂಜಿ ಬಡಿಸಿದವಳು ಬುದಾಯ್ ಕಡಲದಂಡೆಯ ಆಲಿಯೆನ್, ತನ್ನ ಹಳೇ ವ್ಯಾನಿನಲ್ಲಿ ಸುತ್ತಲಿನ ಕಿಡ್ನಿ ರೋಗಿಗಳನ್ನು ಡಯಾಲಿಸಿಸ್‌ಗೆ ಕರೆದೊಯ್ದು ಮನೆ ಮುಟ್ಟಿಸುವವಳು. ವ್ಯಾನು ಇವತ್ತೋ ನಾಳೆಯೋ ಎನ್ನುವಂತಿತ್ತು. ಊರ ಗುಡಿಯವರು ತಮ್ಮ ವ್ಯಾನು ಕೊಡುತ್ತೇವೆ ಎಂದಿದ್ದರು, ಆದರೆ ಉತ್ಸವ ಬಂದಾಗಲೆಲ್ಲ ಅದನ್ನು ದೇವರ ಕೆಲಸಕ್ಕೆ ವಾಪಸು ಬಿಡಬೇಕು. ಕಾಯಿಲೆ ಉತ್ಸವಕ್ಕೆಂದು ರಜೆ ಹಾಕುತ್ತದೆಯೇ? ಇತ್ತ, ಬೇರೆಯವರು ಕೈಹಾಕಿದ ಕೆಲಸಕ್ಕೆ ಕೋ ಮನೆಯವರು ಕೈಹಾಕುವುದಿಲ್ಲ. ಗುಡಿಯವರಿಗೆ ಏನು ಹೇಳಲಿ ಎಂದು ಆಲಿಯೆನ್ ಕೇಳಿದಳು. "ಬೇಡ ಅಂದ್ಬಿಡಿ ಅಕ್ಕಾ, ನಮ್ದು ಆದ ಹಾಗೇನೆ," ಎಂದಳು ಪೇಯ್‌ಚುನ್. ಅಧ್ಯಕ್ಷೆ ಬೀಹುಯಿ ಅಮ್ಮ ಅರ್ಜಿ ನೋಡಿ ತಲೆಯಾಡಿಸಿದ್ದರಲ್ಲ, ಅದೊಂದೇ ಅವಳ ಧೈರ್ಯ. ಆ ಮಾತು ನಂಬಿ ಆಲಿಯೆನ್ ಬೇಡವೆಂದಳು. ಗುಡಿಯ ವ್ಯಾನು ಬೇರೆ ಊರಿನ ಪಾಲಾಯಿತು.

ಸಭೆಯ ದಿನ ಬೆಳಿಗ್ಗೆ ಆಲಿಯೆನ್ ಫೋನು ಮಾಡಿದಳು. ವ್ಯಾನು ಉಪ್ಪುಗದ್ದೆಯ ದಾರಿಯಲ್ಲೇ ನಿಂತುಹೋಗಿದೆ, ಈಗ ಸಿಕ್ಕಸಿಕ್ಕವರ ಕಾರು ಬೇಡಿ ಜನರನ್ನು ಕಳಿಸುತ್ತಿದ್ದೇನೆ, ನಿಮ್ಮದು ಯಾವಾಗ ಬರುತ್ತದೆ ಎಂದು ವಿಚಾರಿಸಿದಳು. ಬರುತ್ತದೋ ಇಲ್ಲವೋ ಎಂಬ ಅನುಮಾನವೇ ಅವಳ ದನಿಯಲ್ಲಿರಲಿಲ್ಲ. ತಾನು ಆಡಿದ ಮಾತಿನ ಭಾರ ಪೇಯ್‌ಚುನ್‌ಗೆ ತಿಳಿದದ್ದು ಆಗ.

ಸಭೆ ನಡೆಯುವುದು ಗಾಂಗ್‌ಶಾನ್‌ನ ಹಳೇ ಸ್ಕ್ರೂ ಕಾರ್ಖಾನೆಯಲ್ಲಿ, ಸಂಸ್ಥೆ ಕಟ್ಟಿದ ದೊಡ್ಡ ಧಣಿಗಳು ಕೂರುತ್ತಿದ್ದ ಕೋಣೆಯಲ್ಲೇ. ಅವರು ಹೋಗಿ ಎಷ್ಟೋ ಕಾಲವಾಯಿತು. ಗೋಡೆಯ ಮೇಲಿನ ಪಟಕ್ಕೆ ಮಾತ್ರ ಇವತ್ತಿಗೂ ದಿನಾ ಮೊದಲ ಚಹಾ. ಬೀಹುಯಿ ಅಮ್ಮ ಅವರ ಹಿರಿಮಗಳು, ಚೆಂಗ್ಯುವಾನ್ ಕಿರಿಮಗ. ಉಳಿದ ಟ್ರಸ್ಟಿಗಳು ಅಳಿಯ, ಸೋದರಳಿಯ, ಹೀಗೆ ಮನೆಯವರೇ. ಅಕ್ಕ ತಮ್ಮ ಒಂದಾದರೆ ಅವರೂ ಒಂದು, ಇಲ್ಲದಿದ್ದರೆ ಅವರೂ ಎರಡು ಪಾಲು.

ಅಂದು ಎರಡು ಪಾಲಾಯಿತು. ಅಪ್ಪ ಶಾಲೆ ಕಟ್ಟಿಸಿದರು, ಗ್ರಂಥಾಲಯ ಕಟ್ಟಿಸಿದರು, ಹೋದವರೆಲ್ಲ ಬಾಗಿಲ ಮೇಲೆ ಅವರ ಹೆಸರು ಓದುತ್ತಾರೆ. ಕಡಲ ಗಾಳಿಗೆ ತುಕ್ಕು ಹಿಡಿಯುವ ವ್ಯಾನಿಗೆ ಹೆಸರು ಬರೆಸಿ ಏನು ಬಂತು ಎಂಬುದು ಚೆಂಗ್ಯುವಾನ್‌ರ ವಾದ. ಅಕ್ಕ ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. ಪೇರಲೆ ಹೋಳಿನ ತಟ್ಟೆ ಮುಟ್ಟುವವರಿಲ್ಲದೆ ಹಾಗೇ ಉಳಿಯಿತು. ಕೊನೆಗೆ ಬೀಹುಯಿ ಅಮ್ಮ ಎದ್ದು, "ಸರಿ, ಅಪ್ಪನ್ನೇ ಕೇಳೋಣ," ಎಂದರು.

ಮತ ಸಮಸಮ ಬಂದರೆ ಅಪ್ಪನನ್ನು ಕೇಳುವುದು ಈ ಮನೆಯ ಪದ್ಧತಿ. ಅಂಗೈಯಗಲದ ಎರಡು ಮರದ ಪೋಯಿ, ಅರ್ಧಚಂದ್ರದ ಆಕಾರ, ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ನೆಲಕ್ಕೆ ಹಾಕಿದಾಗ ಒಂದು ಚಪ್ಪಟೆ ಒಂದು ಉಬ್ಬು ಕಂಡರೆ ಅಪ್ಪ ಒಪ್ಪಿದಂತೆ, ಎರಡೂ ಉಬ್ಬಾದರೆ ಇಲ್ಲವೆಂದಂತೆ. ಬಿಡದೆ ಮೂರು ಸಲ ಒಪ್ಪಬೇಕು. ವಾರಗಟ್ಟಲೆ ಓಡಾಡಿ ಬರೆದ ವರದಿ ಮೂಲೆ ಸೇರಿ, ಒಂದೂರಿನ ರೋಗಿಗಳ ಪಾಡು ಮರದ ತುಂಡಿಗೆ ಬಂದು ನಿಂತಿತಲ್ಲ ಎಂದು ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

ಮೊದಲ ಸಲ ಅಪ್ಪ ಒಪ್ಪಿದರು. ಎರಡನೇ ಸಲವೂ ಒಪ್ಪಿದರು. ಚೆಂಗ್ಯುವಾನ್ ಕೈಕಟ್ಟಿ ಕೂತರು. ಮೂರನೇ ಸಲ ಒಂದು ಪೋಯಿ ಬೀಹುಯಿ ಅಮ್ಮನ ಕಾಲ ಬಳಿಯೇ ಉಬ್ಬು ಮೇಲಾಗಿ ಬಿತ್ತು. ಇನ್ನೊಂದು ಪುಟಿದು, ಉರುಳಿ, ಕಬ್ಬಿಣದ ಬೀರುವಿನಡಿ ಹೋಗಿ ಸೇರಿತು. ಬಿದ್ದ ಪೋಯಿಯನ್ನು ಓದುವ ಮೊದಲು ಮುಟ್ಟುವಂತಿಲ್ಲ. ಅಲ್ಲಿದ್ದವರಲ್ಲೆಲ್ಲ ಮಂಡಿ ನೆಟ್ಟಗಿದ್ದದ್ದು ಪೇಯ್‌ಚುನ್‌ಳದೊಂದೇ. ಎಲ್ಲರೂ ಅವಳ ಕಡೆ ನೋಡಿದರು.

ಅವಳು ಮಂಡಿಯೂರಿ, ಕೆನ್ನೆ ನೆಲಕ್ಕೆ ಹಚ್ಚಿ ನೋಡಿದಳು. ಧೂಳಿನ ನಡುವೆ ಪೋಯಿ ಬೆನ್ನುಬ್ಬಿಸಿಕೊಂಡು ಮಲಗಿತ್ತು. ಎರಡೂ ಉಬ್ಬು. ಅಪ್ಪ ಇಲ್ಲವೆಂದಿದ್ದರು.

"ಏನಂತೆ?" ಎಂದರು ಬೀಹುಯಿ ಅಮ್ಮ.

"ಚಪ್ಪಟೆ ಅಮ್ಮಾವ್ರೇ."

ಮಾತು ತಾನಾಗಿ ಬಂದಿತ್ತು, ಅಂದು ಗಂಜಿಯ ಮುಂದೆ ಬಂದ ಹಾಗೆಯೇ. ಕೈ ಚಾಚಿ ತಿರುವಿ ಹಾಕಬಹುದಿತ್ತು ಎನ್ನುವುದು ಎದ್ದು ನಿಂತ ಮೇಲೆ ಹೊಳೆಯಿತು. ಅಷ್ಟರಲ್ಲಿ ಚೆಂಗ್ಯುವಾನ್ ಕುರ್ಚಿ ಸರಿಸಿದ್ದರು. ತಾನೂ ಒಮ್ಮೆ ನೋಡುತ್ತೇನೆ ಎಂದು ಮೇಜು ಹಿಡಿದು ಬಗ್ಗಿದರು, ಮಂಡಿಯೂರಿದರು. ಅಳಿಯ ಅವರ ತೋಳು ಹಿಡಿಯಲು ಬಂದರೆ ಗದರಿಕೊಂಡರು. ಪೇಯ್‌ಚುನ್ ಬೀರುವಿನ ಪಕ್ಕಕ್ಕೆ ಸರಿದು ನಿಂತಳು. ಕೆಲಸ ಹೋಯಿತು, ಹೋಗಲಿ. ಸತ್ತವರ ಹೆಸರಲ್ಲಿ ಸುಳ್ಳು ಹೇಳಿದವಳು ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಆಲಿಯೆನ್‌ಗೆ ಇನ್ನು ಯಾರೂ ಏನೂ ಕೊಡುವುದಿಲ್ಲ.

ಚೆಂಗ್ಯುವಾನ್ ಬಹಳ ಹೊತ್ತು ನೋಡಿದರು. ಆಮೇಲೆ ಕೈ ಹಾಕಿ ಪೋಯಿ ಹೊರಗೆಳೆದು, ಧೂಳು ಊದಿ, ಅಕ್ಕನ ಕೈಗಿಟ್ಟರು.

"ಚಪ್ಪಟೆಯೇ," ಎಂದರು.

ಬೀಹುಯಿ ಅಮ್ಮ ಕಣ್ಣೊರೆಸಿಕೊಂಡು ಪಟಕ್ಕೆ ಕೈಮುಗಿದರು. ಎಲ್ಲರೂ ಸಹಿ ಹಾಕಿ ಊಟಕ್ಕೆ ಹೊರಟರು. ಪೇಯ್‌ಚುನ್ ಫೋನಿನಲ್ಲಿ ಆಲಿಯೆನ್‌ಗೆ ಆಯಿತೆಂದು ಹೇಳಿದಳು. ಆ ಕಡೆಯಿಂದ ನಗುವೂ ಅಳುವೂ ಒಟ್ಟಿಗೆ ಕೇಳಿಸಿದವು. ನಮ್ಮೆಲ್ಲರ ಹೆಸರಿನಲ್ಲಿ ಆ ತಾತನಿಗೆ ಒಂದು ಊದುಬತ್ತಿ ಹಚ್ಚು ತಾಯೀ ಎಂದಳು ಆಲಿಯೆನ್. ಒಲ್ಲೆನೆನ್ನಲು ಯಾವ ನೆಪವಿತ್ತು? ಪೇಯ್‌ಚುನ್ ಪಟದ ಮುಂದೆ ಹೋಗಿ ನಿಂತಳು. ಊದುಬತ್ತಿ ಹಚ್ಚಿದಳು.

ಹಿಂದೆ ಯಾರೋ ಬಂದು ನಿಂತದ್ದು ತಿಳಿಯಿತು. ಚೆಂಗ್ಯುವಾನ್. ಮಂಡಿಗೆ ಅಂಟಿದ ಧೂಳು ಕೊಡವಿಕೊಳ್ಳುತ್ತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಯ ಮಗುವನ್ನು ಮಾತಾಡಿಸಿದ ಹಾಗಿತ್ತು.

"ಮುಂದಿನ ಸಭೇಲಿ ನನ್ದೊಂದು ವಿಷಯ ಇದೆಯಮ್ಮಾ. ಅಕ್ಕ ಒಪ್ಪೋದಿಲ್ಲ, ಪೋಯಿ ಹಾಕ್ಬೇಕಾಗುತ್ತೆ. ಆಗಲೂ ಒಂದು ಉರುಳಿ ಹೋಗ್ಬಹುದು. ಬಗ್ಗಿ ನೋಡೋಳು ನೀನೇ ತಾನೆ?"

ಪೇಯ್‌ಚುನ್ ತಿರುಗಲಿಲ್ಲ. ಊದುಬತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ದೊಡ್ಡ ಧಣಿಗಳ ಮುಖ ನೋಡುತ್ತಲೇ, "ಹೂಂ ಚಿಕ್ಕ ಧಣಿ," ಎಂದಳು.