ಎಣ್ಣೆಗೆ ಅಂಟಿದ ನೋಟು

ಹೋಟೆಲಿನ ಹಾಲ್ ಬಾಗಿಲು ದೂಡಿದ ಬೋಜನಿಗೆ ಮೊದಲು ಕಂಡದ್ದು ಮಗಳ ಬರಿಭುಜ. ಸಮೀಕ್ಷಾ ವೇದಿಕೆಯ ಮೇಲೆ ಕೈ ತಿರುಗಿಸುತ್ತ ನಗುತ್ತಿದ್ದಳು. ದಾಂಡಿಗನಂಥ ಗಂಡಸೊಬ್ಬ ಹತ್ತಿರ ಹೋಗಿ ಅವಳ ತೋಳಿಗೆ ಹತ್ತು ರಿಯಾಲಿನ ನೋಟೊಂದನ್ನು ಅಂಟಿಸಿದ. ಜನ ಚಪ್ಪಾಳೆ ತಟ್ಟಿದರು.

ಗಲ್ಫಿನ ವಾದಿ ಕಬೀರ್ ಎಂಬಲ್ಲಿನ ಗ್ಯಾರೇಜಿನಲ್ಲಿ ಈಗ ಫೋರ್‌ಮನ್ ಆಗಿರುವ ಬೋಜ, ಹರೆಯದಲ್ಲಿ ಮುಂಬೈಯ ಡ್ಯಾನ್ಸ್ ಬಾರೊಂದರಲ್ಲಿ ವೇಟರ್ ಆಗಿದ್ದವನು. ಕುಣಿಯುವ ಹುಡುಗಿಯರಿಗೆ ನೋಟು ತೋರಿಸುವವರನ್ನೂ ಆಮೇಲೆ ಅವರ ಕೈ ಹಿಡಿದು ಎಳೆಯುವವರನ್ನೂ ಕಂಡವನು. ನೋಟಿಗೆ ಬೇರೊಂದು ಅರ್ಥ ಇದ್ದೀತೆಂದು ಅವನಿಗೆ ಹೊಳೆಯಲಿಲ್ಲ.

ಅರ್ಥ ಇತ್ತು. ಅಲ್ ಹೈಲ್‌ನಲ್ಲಿ ಬೋಜನ ಪಕ್ಕದ ಮನೆಯ ನಿಕೋಲ್ ಟೋಂಗಾ ದ್ವೀಪದವಳು. ನೋಟು ಅಂಟಿಸಿದ ಜೇಮ್ಸ್ ಅವಳ ಗಂಡ, ರಗ್ಬಿ ಕೋಚ್; ಮುಂಜಾನೆ ಗ್ಯಾರೇಜಿಗೆ ಹೋದರೆ ರಾತ್ರಿ ಬರುವ ಬೋಜ ಅವನ ಮುಖ ನೋಡಿದ್ದೇ ಇಲ್ಲ. ಅಂದು ಅವರ ಮಗುವಿನ ಮೊದಲ ಹುಟ್ಟುಹಬ್ಬ. ನಿಕೋಲ್ ತಾನೇ ಕಲಿಸಿ, ತಾನೇ ಸಿಂಗರಿಸಿ ಸಮೀಕ್ಷಾಳನ್ನು ಕುಣಿಯಲು ನಿಲ್ಲಿಸಿದ್ದಳು: ಎದೆಯಿಂದ ಮೊಣಕಾಲಿನವರೆಗೆ, ಮರದ ತೊಗಟೆ ಬಡಿದು ಮಾಡಿದ ಕಂದು ಚಿತ್ತಾರದ ಬಟ್ಟೆ, ನಿಕೋಲಳ ಅಜ್ಜಿಯದು, ಸೊಂಟಕ್ಕೆ ಹಗ್ಗದಲ್ಲಿ ಬಿಗಿದ ಹೆಣಿಗೆಯ ಚಾಪೆ, ಅದರ ಮೇಲೆ ಎಲೆ ಹೂವಿನ ಪಟ್ಟಿ, ಮುಡಿಯಲ್ಲಿ, ತಲೆ ತುಸು ವಾಲಿದರೂ ನಡುಗುವ ಗರಿಗಳು. ತೋಳಿಗೆಲ್ಲ ಕೊಬ್ಬರಿ ಎಣ್ಣೆ. ಮೆಚ್ಚಿದವರು ಆ ಎಣ್ಣೆಗೆ ನೋಟು ಅಂಟಿಸುವುದು ಅವರಲ್ಲಿ ಗೌರವ. ಬೋಜನ ಹೆಂಡತಿ ಮೋಹಿನಿಗೆ ಇದೆಲ್ಲ ಗೊತ್ತಿತ್ತು. ಹೇಳಿದರೆ ಬೇಡ ಅಂತಾನೆಂದು, 'ಮಕ್ಕಳ ಡ್ಯಾನ್ಸ್ ಉಂಟು' ಎಂದಷ್ಟೇ ಹೇಳಿದ್ದಳು.

ಬೋಜ ವೇದಿಕೆಯತ್ತ ನುಗ್ಗಿ, ಸ್ಟೀಲಿನ ಕುರ್ಚಿ ಎತ್ತಿ ಜೇಮ್ಸನ ಮುಖಕ್ಕೆ ಬೀಸಿದ. ತುಟಿ ಸೀಳಿತು. ಎರಡನೇ ಏಟು ಕಿವಿಯ ಮೇಲೆ ಬಿತ್ತು. ಹಾಡು ನಿಂತಿತು. ಜೇಮ್ಸ್ ಬಾಯಿ ಹಿಡಿದುಕೊಂಡು ಮೊಣಕಾಲೂರಿದ; ಬೆರಳ ಸಂದಿಯಲ್ಲಿ ರಕ್ತ ಇಳಿಯಿತು.

"ಎಂತ ಮಾಡ್ತಿದ್ದೀರಿ ಮಾರಾಯ್ರೆ! ಅದು ಅವರ ಕ್ರಮ!" ಮೋಹಿನಿ ಓಡಿಬಂದಳು. ಮಗಳಿಗೆ ಅಂಟಿಸಲೆಂದು ತೆಗೆದ ನೋಟು ಅವಳ ಕೈಯಲ್ಲೇ ಇತ್ತು.

ಬೋಜ ಅದನ್ನು ನೋಡಿದ. "ಓಹೋ, ನೀನೂ ಸಾಲಿನಲ್ಲಿ ಇದ್ದೀಯಾ? ರೇಟು ಮಾತಾಡಿದ್ದು ನೀನೇ ಅಲ್ವಾ?"

ಅವನ ಹೊಡೆತಕ್ಕೆ ಅವಳು ಊಟದ ಮೇಜಿಗೆ ಬಿದ್ದಳು. ತಟ್ಟೆಗಳು ಒಡೆದವು.

"ಪಪ್ಪಾ, ಸ್ಟಾಪ್ ಇಟ್! ಅಮ್ಮನಿಗೆ ಹೊಡೀಬೇಡಿ!"

"ನೀನು ಬಾಯಿ ಮುಚ್ಚು. ನಡಿ ಮನೆಗೆ!"

ಅವನು ಮಗಳ ತೋಳು ಹಿಡಿದ. ಎಣ್ಣೆಗೆ ಕೈ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಹಿಂದೆ ಯಾವುದೋ ಮಗು ಅಳುತ್ತಿತ್ತು. ಸಿಟ್ಟು ನೆತ್ತಿಗೇರಿ ಅವಳ ಸೊಂಟದ ಹಗ್ಗಕ್ಕೇ ಕೈ ಹಾಕಿ ಬಲವಾಗಿ ಎಳೆದ. ಚಾಪೆ ಬಿಚ್ಚಿತು, ತೊಗಟೆ ಬಟ್ಟೆ ಪರ್ ಎಂದು ಹರಿಯಿತು. ವೇದಿಕೆಯ ಅಂಚಿನಿಂದ ಸಮೀಕ್ಷಾ ಮುಖ ಕೆಳಗಾಗಿ ಟೈಲ್ಸ್ ನೆಲಕ್ಕೆ ಬಿದ್ದಳು.

ಮುರಿದ ಗರಿಗಳ ನಡುವೆ ಹಣೆಯ ರಕ್ತ ಹರಡುವುದನ್ನು ಬೋಜ ನೋಡುತ್ತ ನಿಂತ. ನಾಲ್ಕು ಜನ ಬಂದು ಅವನನ್ನು ಗೋಡೆಗೆ ಒತ್ತಿ ಹಿಡಿದರು. ಒಬ್ಬ ಪಕ್ಕೆಗೆ ಗುದ್ದಿದ. ಬೋಜ ತಡೆಯಲಿಲ್ಲ.

ಪೊಲೀಸರು ಬಂದರು. ಅಧಿಕಾರಿ ಜಲಾಲ್ ಬಲೂಚಿ ಮೂಲದವನು, ಹಿಂದಿ ಬಲ್ಲವನು. ಜೇಮ್ಸನ ಬಾಯಿಗೆ ಐಸ್ ಇಟ್ಟಿದ್ದರು. ನಿಕೋಲ್ ತನ್ನ ಶಾಲು ಸಮೀಕ್ಷಾಳಿಗೆ ಹೊದಿಸಿ, ಹಣೆಗೆ ಕರವಸ್ತ್ರ ಒತ್ತಿ ಹಿಡಿದಿದ್ದಳು. ನಡೆದದ್ದನ್ನು ಅವಳೇ ಹೇಳಿದಳು, ನೋಟಿನ ಕ್ರಮವನ್ನೂ. ಕೇಳುತ್ತ ಕೇಳುತ್ತ ಬೋಜನ ತಲೆ ತಗ್ಗಿತು.

"ಕಂಪ್ಲೇಂಟ್?" ಜಲಾಲ್ ಕೇಳಿದ.

ಜೇಮ್ಸ್ ಬೋಜನನ್ನು ನೋಡಿದ. ಕೇಸಾದರೆ ಕೆಲಸ ಹೋಗುತ್ತದೆ, ಜೈಲು, ಆಮೇಲೆ ಗಡೀಪಾರು. ಗಲ್ಫಿನಲ್ಲಿ ಇದ್ದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಖಲಾಸ್, ಇಲ್ಲಿಗೇ ಬಿಡಿ," ಎಂದ ಜೇಮ್ಸ್, ಊದಿದ ತುಟಿಯಲ್ಲಿ. "ಅವನಿಗೆ ಗೊತ್ತಿರಲಿಲ್ಲ."

ಬೋಜ ಕೈ ಮುಗಿದ.

"ನಾನು ಕೊಡ್ತೇನೆ ಕಂಪ್ಲೇಂಟ್," ಎಂದಳು ಸಮೀಕ್ಷಾ.

ಅವನು ನಗಲು ನೋಡಿದ. "ಮಗಾ, ಅವನು ಯಾರೋ ಎಂತದೋ ಅಂತ... ನಿನ್ನ ಒಳ್ಳೇದಕ್ಕೇ ಅಲ್ವಾ ನಾನು..."

"ನೋಟು ಅವರು ಅಂಟಿಸಿದ್ದು. ಬಟ್ಟೆ ಹರಿದದ್ದು ನೀವು, ಎಲ್ಲರ ಎದುರಿಗೆ."

"ಮೋಹಿನಿ, ನೀನಾದರೂ ಹೇಳೇ ಇವಳಿಗೆ. ನಾಳೆ ತಿನ್ನುದು ಎಂತ ನೀವು?"

ಮೋಹಿನಿಯ ಕೆನ್ನೆ ಬಾತಿತ್ತು. ಅವಳು ಬಿದ್ದಿದ್ದ ಕುರ್ಚಿಯೊಂದನ್ನು ಎತ್ತಿ ತಂದು ಮಗಳನ್ನು ಕೂರಿಸಿದಳು. ಆಮೇಲೆ ಜಲಾಲನ ಕಡೆ ತಿರುಗಿ ಹಿಂದಿಯಲ್ಲಿ, "ಬೇಗ ಬರ್ಕೊಳ್ಳಿ ಸಾರ್, ಅವಳ ಹಣೆಗೆ ಹೊಲಿಗೆ ಹಾಕಿಸಬೇಕು," ಎಂದಳು.