ಅತ್ತೆ ಒಪ್ಪಬೇಕಲ್ಲ

"ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರೂ ಸೇರಿ ಅರ್ಜಿ ಹಾಕಬೇಕಮ್ಮ. ಯೋಚಿಸೋಕೆ ಕೆಲವು ತಿಂಗಳು ಕೊಡ್ತಾರೆ. ಆಮೇಲೆ ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕರೆದು ಕೇಳ್ತಾರೆ," ಎಂದೆ.

ಮೊದಲ ಸಲ ನನ್ನ ಕಚೇರಿಗೆ ಬಂದಿದ್ದ ಆ ದರ್ಜಿ ಹೆಂಗಸು, "ಗಂಡ ಒಪ್ಪಿದ್ದಾನೆ ವಕೀಲರಮ್ಮ. ಅತ್ತೆ ಒಪ್ಪಬೇಕಲ್ಲ," ಎಂದಳು.

"ಅವರನ್ನ ಕೋರ್ಟು ಕೇಳಲ್ಲ."

"ಕೇಳೋಕೆ ಅವರಿದ್ದರೆ ತಾನೆ? ಹೋದ ವರ್ಷವೇ ತೀರಿಕೊಂಡರು. ಆದ್ರೂ ಸಂಜೆಯಾದರೆ ಒಳಕೋಣೆಯಿಂದ 'ಬಂದ್ಯಾ ಮಗಳೇ?' ಅಂತ ಕೂಗ್ತಾರೆ. ಹೆತ್ತ ಮಗನಿಗೆ ಅವರು ಬದುಕಿದ್ದಾಗಲೇ ಕೇಳಿಸ್ತಿರಲಿಲ್ಲ, ಈಗ ಕೇಳಿಸುತ್ತಾ? ನಾನು ಹೊರಟರೆ ಓಗೊಡೋರು ಯಾರು?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಫ್ಯಾನು ತಿರುಗುತ್ತಿದ್ದರೂ ಕೋಣೆಯ ಗಾಳಿ ನಿಂತುಹೋದ ಹಾಗಿತ್ತು.

"ಮನೆ ಅವನ ಪಾಲಿಗೆ ಹೋಗಬಹುದು," ಎಂದೆ. "ಅತ್ತೆಯನ್ನ ನೀವೇ ಕರಕೊಂಡು ಹೋದರೆ ಯಾವ ಕಾನೂನೂ ಅಡ್ಡ ಬರಲ್ಲ."

ಅವಳು ಪಕ್ಕದ ಖಾಲಿ ಕುರ್ಚಿಯತ್ತ ಬಾಗಿ, "ಬರ್ತೀರಾ ಅತ್ತೆ?" ಎಂದು ಮೆಲ್ಲಗೆ ಕೇಳಿದಳು. ಉತ್ತರಕ್ಕೆ ಕಾದಳು. ತಲೆಯಾಡಿಸಿ, ವಕಾಲತ್ತಿಗೆ ಸಹಿ ಹಾಕಿದಳು.

ಹೊರಡುವಾಗ ಹಿರಿಯರನ್ನು ಮುಂದೆ ಬಿಡುವವಳಂತೆ ಬಾಗಿಲಲ್ಲಿ ಪಕ್ಕಕ್ಕೆ ಸರಿದು ನಿಂತಳು. ಅಷ್ಟರಲ್ಲಿ ನಾನೂ ಎದ್ದು ನಿಂತಿದ್ದೆ.